ಸೊಸೆಗೆ ಮಾತ್ರ ಹೇಳುವ ಮದ್ದು

ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋದ ಮೊದಲ ಭಾನುವಾರ ನನಗೆ ಉಪ್ಪಿಲ್ಲದ ಊಟ ಬಡಿಸಿದರು. ಸಾರಿಗೆ ಉಪ್ಪಿಲ್ಲ, ಹುಳಿಯಿಲ್ಲ, ಒಗ್ಗರಣೆಯ ಮಾತಂತೂ ಕೇಳಲೇಬೇಡಿ. ಯಾರೋ ಮರೆತಿರಬೇಕು, ಹೊಸ ಸೊಸೆ ಬಾಯಿಬಿಟ್ಟು ಕೇಳುವುದು ಹೇಗೆ ಎಂದು ಸುಮ್ಮನೆ ತಿಂದೆ. ಸೋಮವಾರವೂ ಅದೇ ಊಟ. ಮಂಗಳವಾರವೂ ಅದೇ. ನಮ್ಮಪ್ಪ ಹಿಂದೂಪುರದಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದವರು. ನಾಲಿಗೆ ಚುರುಕ್ ಎನ್ನದಿದ್ದರೆ ನಮ್ಮ ಮನೆಯಲ್ಲಿ ಅದು ಊಟವೇ ಅಲ್ಲ. ಮೂರನೆಯ ದಿನ ಎಲೆಯ ಮುಂದೆ ಕೂತು ಅತ್ತುಬಿಟ್ಟೆ.

ಆಗ ನಗದೆ ನನ್ನ ಪಕ್ಕ ಬಂದು ಕೂತವಳು ಒಬ್ಬಳೇ, ನನ್ನ ಗಂಡನ ಅಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವಳು. ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ.

"ಮದ್ದಿನ ದಿನ ಕಣಮ್ಮ ಇವು," ಎಂದಳು. "ಜಗಲಿ ಮ್ಯಾಲೆ ನೋಡ್ದಾ, ಐದು ಜನ ಕಾಮಾಲೆಯೋರು ಕುಂತವ್ರೆ. ಅವ್ರಿಗೆ ಉಪ್ಪು, ಹುಳಿ, ಎಣ್ಣೆ ಏನೂ ಕೊಡಂಗಿಲ್ಲ. ನಾವು ಒಳಗೆ ಒಗ್ಗರಣೆ ಹಾಕಿದ್ರೆ ಆ ವಾಸ್ನೆಗೆ ಅವ್ರ ಹೊಟ್ಟೆ ಏನಾಗ್ಬೇಕು? ಅದಕ್ಕೇ ಅವ್ರು ತಿಂದಿದ್ದೇ ನಾವೂ ತಿನ್ನೋದು."

ಕಾಯಿಲೆ ಅವರದ್ದು, ಪಥ್ಯ ನಮ್ಮದೂ! ವಾರಕ್ಕೆ ಮೂರು ದಿನ ಸಪ್ಪೆ ತಿನ್ನುವ ಮನೆಗೆ ಹೆಣ್ಣು ಕೊಟ್ಟ ನಮ್ಮಪ್ಪನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಆ ಸೀಮೆಯಲ್ಲಿ ಕಣ್ಣು ಹಳದಿಯಾದವರು ಮೊದಲು ನಮ್ಮ ಜಗಲಿಗೆ ಬರುತ್ತಿದ್ದರು, ಆಮೇಲೆ ಬೇಕಿದ್ದರೆ ಆಸ್ಪತ್ರೆಗೆ. ಗಾಡಿ ಕಟ್ಟಿಕೊಂಡು ಬರುವವರಿದ್ದರು, ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಬರುವವರಿದ್ದರು. "ಪಚ್ಚಕಾಮೆರ್ಲ ಮಂದು ಇಚ್ಚೇದಿ ಈ ಇಲ್ಲೇನಾ?" ಎಂದು, ಅಂದರೆ ಕಾಮಾಲೆ ಮದ್ದು ಕೊಡುವ ಮನೆ ಇದೇನಾ ಎಂದು, ತೆಲುಗಿನವರು ಕೇಳುತ್ತಿದ್ದರು. ಕೇಳದಿದ್ದರೂ ನಡೆಯುತ್ತಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಭಾನುವಾರದಿಂದ ಮೂರು ಬೆಳಗ್ಗೆ, ಖಾಲಿ ಹೊಟ್ಟೆಗೆ, ಒಂದು ಸೊಪ್ಪನ್ನು ನುಣ್ಣಗೆ ಅರೆದು ಮೇಕೆ ಹಾಲಿನಲ್ಲಿ ಕಲಸಿ ನಮ್ಮ ಅತ್ತೆ ಕುಡಿಸುತ್ತಿದ್ದರು. ಆಮೇಲೆ ಎರಡು ವಾರ ಅವರವರ ಮನೆಯಲ್ಲಿ ಪಥ್ಯ. ಅದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಆ ಸೊಪ್ಪಿಗೆ ಕಟ್ಟಳೆಗಳಿದ್ದವು. ಬೆಳಕು ಹರಿಯುವ ಮುಂಚೆ ಕೀಳಬೇಕು. ಕೀಳಲು ಹೋಗುವಾಗ, ಬರುವಾಗ ಬಾಯಿ ತೆರೆಯಬಾರದು. ಮನೆಯೊಳಗೆ ಅದರ ಹೆಸರೆತ್ತುವುದಿರಲಿ, ಅದು ಹೇಗಿದೆ ಎಂದು ಮಾತಾಡುವುದೂ ಕೂಡದು. ಎಲ್ಲಕ್ಕಿಂತ ದೊಡ್ಡದು, ಅದನ್ನು ಸೊಸೆಗೆ ಮಾತ್ರ ತೋರಿಸಬೇಕು, ಮಗಳಿಗಲ್ಲ. ಮಗಳಿಗೆ ತೋರಿಸಿದರೆ ಮದ್ದು ಅವಳ ಹಿಂದೆಯೇ ಗಂಡನ ಮನೆಗೆ ಹೋಗುತ್ತದೆ, ಈ ಮನೆಯ ಕೈಗುಣ ಕಳೆದುಹೋಗುತ್ತದೆ. ಸೊಸೆ ಬಂದವಳು, ಇಲ್ಲೇ ಇರುವವಳು.

ಅಕ್ಕನಿಗೆ ಮಕ್ಕಳಾಗಲಿಲ್ಲ. ರಾಯದುರ್ಗದ ಕಡೆಯ ಹಳ್ಳಿಯಲ್ಲಿದ್ದ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಇವಳು ಒಂದು ಸೀರೆಗಂಟು ಹಿಡಿದು ತವರಿಗೆ ಬಂದು, ನಾನು ಮದುವೆಯಾಗಿ ಬರುವ ಹೊತ್ತಿಗೆ ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷ ಅದೇ ಒಲೆಯ ಮುಂದೆ ಕೂತಿದ್ದರೂ ಕಟ್ಟಳೆಯ ಪ್ರಕಾರ ಅವಳು ಬೇರೆ ಮನೆಯವಳು. ನಿನ್ನೆ ಮೊನ್ನೆ ಬಂದ ನಾನು ಮನೆಯವಳು. ಇದು ಯಾವ ನ್ಯಾಯ ಎಂದು ನನಗೆ ಆಗ ಅನ್ನಿಸಲಿಲ್ಲ. ಸುಳ್ಳೇಕೆ, ಹೆಮ್ಮೆಯೇ ಆಯಿತು.

ಅಕ್ಕನ ಪಾಲಿಗೆ ಬಂದದ್ದು ಪಥ್ಯದ ಅಡಿಗೆ. ಅದಕ್ಕೆ ಅಡಿಗೆಮನೆಯ ಮೂಲೆಯಲ್ಲಿ ಬೇರೆ ಒಲೆ, ಎಣ್ಣೆ ಸೋಕದ ಬೇರೆ ಮಡಕೆಗಳು. ಹಳೆಯ ಅಕ್ಕಿಯನ್ನು ಘಮ್ಮೆನ್ನುವಷ್ಟು ಹುರಿದು ಮೆತ್ತಗೆ ಬೇಯಿಸುತ್ತಿದ್ದಳು. ಹೆಸರುಬೇಳೆ ಬೆಂದ ತಿಳಿನೀರಿಗೆ ಜೀರಿಗೆ, ಒಂದು ಚೂರು ಒಣಶುಂಠಿ. ಪಡವಲಕಾಯಿಯೋ ಬೂದುಗುಂಬಳವೋ ಬೇಯಿಸಿ ಹಿಸುಕಿದ್ದು. ಬೆಣ್ಣೆಯ ಎಳೆಯೂ ಉಳಿಯದಂತೆ ಕಡೆದ ಮಜ್ಜಿಗೆ. ರೋಗಿಯ ಮುಂದೆ ಇಟ್ಟು ತಾನೂ ಅಲ್ಲೇ ಕೂತು ಅವನ ಊರಿನ ಸುದ್ದಿ ಕೇಳುತ್ತಿದ್ದಳು. ಎಮ್ಮೆ ಕರು ಹಾಕಿತಾ, ಭಾವಮೈದ ಮಾತಾಡ್ತಾನಾ, ಬಾವಿಗೆ ನೀರು ಬಂತಾ. ಮುಖ ತಿರುಗಿಸಿದ್ದವನು ಮಾತಿನ ಭರದಲ್ಲಿ ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದ. ಅಜೀರ್ಣಕ್ಕೆ ಓಮದ ನೀರು, ಕೆಮ್ಮಿಗೆ ಆಡುಸೋಗೆ ಕಷಾಯ, ಜ್ವರ ಬಿಟ್ಟ ಮೈಗೆ ಅಮೃತಬಳ್ಳಿ, ಇಂಥ ಸಣ್ಣಪುಟ್ಟದ್ದಕ್ಕೆ ಕಟ್ಟಳೆ ಇರಲಿಲ್ಲವಾದ್ದರಿಂದ ಅವನ್ನೂ ಅವಳೇ ಮಾಡಿಕೊಡುತ್ತಿದ್ದಳು. ಯಾರ ಮೈ ಉಷ್ಣದ್ದು, ಯಾರಿಗೆ ಮೊಸರು ಆಗದು ಎಂದು ಒಂದು ಸಲ ನೋಡಿದರೆ ಹೇಳುತ್ತಿದ್ದಳು. ನನಗೆ ಅವಳೆಂದರೆ ಇಷ್ಟ. ಆದರೆ ಅವಳು ಒಲೆಯವಳು, ಮದ್ದಿನವಳಲ್ಲ ಎಂದೇ ನಾನೂ ತಿಳಿದಿದ್ದೆ.

ನಾನು ಬಂದ ವರ್ಷವೇ ಅತ್ತೆಯ ಕಣ್ಣಿಗೆ ಪೊರೆ ಬಂತು. ಒಂದು ಭಾನುವಾರ ನಸುಕಿನಲ್ಲಿ ಎಬ್ಬಿಸಿ, ತುಟಿಯ ಮೇಲೆ ಬೆರಳಿಟ್ಟು, ನನ್ನ ಕೈ ಹಿಡಿದು ಹೊಲದ ಬದುವಿಗೆ ಕರೆದುಕೊಂಡು ಹೋದರು. ಕತ್ತಲು ಇನ್ನೂ ಪೂರ್ತಿ ಕರಗಿರಲಿಲ್ಲ. ಬಗ್ಗಿ ಒಂದು ಗೇಣುದ್ದದ ಗಿಡ ಮುಟ್ಟಿಸಿದರು. ನನ್ನ ಬೆರಳನ್ನು ಎಲೆಯ ಅಡಿಯಲ್ಲಿ ಆ ಕಡೆಯಿಂದ ಈ ಕಡೆಗೆ ಎರಡು ಸಲ ಸವರಿಸಿದರು. ಗಿಡಕ್ಕೆ ನಮಸ್ಕಾರ ಮಾಡಿಸುತ್ತಿದ್ದಾರೆ ಎಂದುಕೊಂಡೆ. ಅಂದಿನಿಂದ ನಾನೂ ಪ್ರತಿ ಗಿಡವನ್ನೂ ಭಕ್ತಿಯಿಂದ ಎರಡೆರಡು ಸಲ ಸವರಿ ಕೀಳುತ್ತಿದ್ದೆ. ತಂದ ಸೊಪ್ಪನ್ನು ಅರೆಯುವ ಕಲ್ಲಿನ ಪಕ್ಕ ಬಟ್ಟೆ ಮುಚ್ಚಿಟ್ಟು ಸ್ನಾನಕ್ಕೆ ಹೋಗುತ್ತಿದ್ದೆ. ಬಂದು ಅರೆದು, ಹಾಲಿಗೆ ಕಲಸಿ, ನನ್ನ ಕೈಯಾರೆ ಕುಡಿಸುತ್ತಿದ್ದೆ.

ಜನಕ್ಕೆ ಗುಣವಾಗುತ್ತಿತ್ತು. ಮೂರು ವರ್ಷದಲ್ಲಿ ಸೊಸೆಯ ಕೈಗುಣ ಅತ್ತೆಗಿಂತ ಒಂದು ಕೈ ಮೇಲು ಎನ್ನುವ ಮಾತು ಹುಟ್ಟಿತು. ನಾನು ಜಗಲಿಗೆ ಬಂದರೆ ಗಂಡಸರೂ ಎದ್ದು ನಿಲ್ಲುತ್ತಿದ್ದರು. ಹತ್ತೊಂಬತ್ತು ವರ್ಷದ ಹುಡುಗಿಗೆ ಇನ್ನೇನು ಬೇಕು, ತಲೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ.

ಆಗಲೇ ಹಿಂದೂಪುರದಿಂದ ಕಾಗದ ಬಂತು. ಅಪ್ಪನಿಗೆ ಕಾಮಾಲೆ, ಎದ್ದು ಕೂರುವ ಶಕ್ತಿಯೂ ಇಲ್ಲ, ಕರೆದುತರುವಂತಿಲ್ಲ, ಮಗಳೇ ಬಂದು ಮದ್ದು ಕೊಡಲಿ. ಬಟ್ಟೆ ಕಟ್ಟುತ್ತಿದ್ದಾಗ ಅಕ್ಕ ಬಾಗಿಲಲ್ಲಿ ಬಂದು ನಿಂತಳು.

"ನಾನೂ ಬತ್ತೀನಿ ಕಣೆ. ಪಥ್ಯ ಮಾಡಿ ಹಾಕ್ತೀನಿ."

"ಬ್ಯಾಡ ಬಿಡಕ್ಕ," ಎಂದೆ. "ಅಡಿಗೆ ನಮ್ಮಮ್ಮ ಮಾಡ್ತಾಳೆ. ಮದ್ದು ನಂಗೊತ್ತಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು, ಅತ್ತೆ ಪಡಸಾಲೆಯಲ್ಲಿದ್ದರು, ಮುಚ್ಚಿಕೊಂಡಳು. ನಾನು ಗಂಡನ ಜೊತೆ ಹೊರಟೆ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಇದ್ದಿಲು ಉರಿಸುವ ಬಸ್ಸು. ಅನಂತಪುರ ಸೇರುವಷ್ಟರಲ್ಲಿ ಮೂರು ಕಡೆ ನಿಂತಿತು. ಅಲ್ಲಿಂದ ರೈಲಿನಲ್ಲಿ ಹಿಂದೂಪುರ.

ಮೂಟೆಯನ್ನು ಒಂದೇ ಕೈಯಲ್ಲಿ ಎಳೆದು ಜರುಗಿಸುತ್ತಿದ್ದ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಣ್ಣು, ಉಗುರು, ಅಂಗೈ ಎಲ್ಲ ಹಳದಿ. ಮಾರನೆಯ ನಸುಕಿನಲ್ಲಿ ಲೇಪಾಕ್ಷಿ ದಾರಿಯ ಒಂದು ತೋಟದ ಬದುವಿಗೆ ಹೋಗಿ, ಬಾಯಿ ಮುಚ್ಚಿಕೊಂಡು, ಎರಡೆರಡು ಸಲ ಸವರಿ ಸೊಪ್ಪು ತಂದೆ. ಮೂರು ದಿನ ಕೊಟ್ಟೆ. ಒಂದು ವಾರ ಕಾದೆ. ಹಳದಿ ಇಳಿಯಲಿಲ್ಲ, ಏರಿತು. ಮತ್ತೆ ಮೂರು ದಿನ ಕೊಟ್ಟೆ. ಅಪ್ಪ ತುತ್ತನ್ನೇ ಮುಟ್ಟದಾದರು, ಕೂಗಿದರೆ ಓಗೊಡುವುದಕ್ಕೂ ತಡವಾಗುತ್ತಿತ್ತು. ಆಸ್ಪತ್ರೆಯ ಡಾಕ್ಟರು ಬಂದು ನೋಡಿ, ಮಲಗಿಸಿರಿ, ಎಣ್ಣೆ ಜಿಡ್ಡು ಮುಟ್ಟಿಸಬೇಡಿ, ಹೊಟ್ಟೆಗೆ ಏನಾದರೂ ಹೋಗುವಂತೆ ನೋಡಿಕೊಳ್ಳಿ ಎಂದರು. ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ಊರಿನವರಿಗೆಲ್ಲ ಗುಣ ಮಾಡುವ ಕೈ ಹೆತ್ತವನಿಗೆ ಯಾಕೆ ಆಗುತ್ತಿಲ್ಲ ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನನ್ನ ಗಂಡ ಕಲ್ಯಾಣದುರ್ಗಕ್ಕೆ ಹಿಂದಿರುಗಿದ್ದರು. ಪಥ್ಯದ ಅಡಿಗೆ ಇಲ್ಲಿ ಸರಿಯಾಗುತ್ತಿಲ್ಲ, ಅಕ್ಕನನ್ನು ಕರೆದುಕೊಂಡು ಬನ್ನಿ ಎಂದು ಅವರಿಗೆ ಬರೆದೆ. ಅಡಿಗೆಗೆ ಎಂದದ್ದರಿಂದ ಅತ್ತೆ ಬೇಡವೆನ್ನಲಿಲ್ಲ. ನಾಲ್ಕನೆಯ ದಿನ ಇಬ್ಬರೂ ಬಂದಿಳಿದರು.

ಅಕ್ಕ ಕಾಲು ತೊಳೆದುಕೊಳ್ಳಲು ಹಿತ್ತಲಿಗೆ ಹೋದವಳು ಬರಲೇ ಇಲ್ಲ. ಹೋಗಿ ನೋಡಿದರೆ, ನಾನು ಎಲೆ ಬಿಡಿಸಿ ಎಸೆದಿದ್ದ ಕಡ್ಡಿಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಕಡ್ಡಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

"ಇದನ್ನ ಎಷ್ಟು ಸಲ ಕೊಟ್ಟೆ?"

"ಆರು ಸಲ."

"ಎಲ್ಲಿ ಕಿತ್ತೆ ತೋರ್ಸು ನಡಿ," ಎಂದು ಎದ್ದಳು.

ಹಾಡುಹಗಲು, ನೆತ್ತಿ ಸುಡುವ ಬಿಸಿಲು. ಅಂಥ ಹೊತ್ತಿನಲ್ಲಿ ಅದೇ ಬದುವಿನ ಮೇಲೆ ಅವಳು ಕೂತು, ಎರಡು ಗಿಡ ಕಿತ್ತು ನನ್ನ ಎರಡು ಕೈಗೆ ಕೊಟ್ಟಳು. ಕೊಟ್ಟದ್ದಲ್ಲದೆ ಮಾತಾಡಿದಳು. ಮೂರು ವರ್ಷದಲ್ಲಿ ಆ ಸೊಪ್ಪಿನ ಬಗ್ಗೆ ನಾನು ಕೇಳಿದ ಮೊದಲ ಮಾತು ಅದು.

"ಇದರ ಕಡ್ಡಿ ಹಸುರು. ಎಲೆ ಕೆಳಗೆ ಕಾಯಿ ನೋಡು, ನುಣುಪಾಗದೆ, ಸಣ್ಣ ತೊಟ್ಟದೆ. ಇದು ನಮ್ದು. ಅದರ ಕಡ್ಡಿ ಕೆಂಪು, ಕಾಯಿ ಒರಟು, ತೊಟ್ಟಿಲ್ಲ. ಅದು ಬರೀ ಸೊಪ್ಪು. ಕತ್ಲಾಗೆ ಕೆಂಪು ಎಲ್ಲಿ ಕಾಣ್ತದೆ? ಅವ್ವ ಬೆರಳಾಗೆ ಸವರಿ ನೋಡೋಳು."

ಆಗ ನನಗೆ ಆ ಎರಡು ಸಲದ ನಮಸ್ಕಾರ ಅರ್ಥವಾಯಿತು. ಅತ್ತೆ ಸವರಿಸಿದ್ದು ಕಾಯಿ ನುಣುಪೋ ಒರಟೋ ಎಂದು ನೋಡಲು. ನಾನು ಮೂರು ವರ್ಷ ಗಿಡಗಳ ಬೆನ್ನು ಸವರಿದ್ದೆ. ಬೇರೆ ಹೊತ್ತಾಗಿದ್ದರೆ ಬಿದ್ದು ಬಿದ್ದು ನಗಬಹುದಿತ್ತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು.

"ಹಂಗಾದ್ರೆ ಅಲ್ಲಿ ಅಷ್ಟು ಜನಕ್ಕೆ ಹೆಂಗೆ ವಾಸಿಯಾಯ್ತು?"

ಅಕ್ಕ ಕೈಯ ಮಣ್ಣು ಕೊಡವಿಕೊಂಡಳು. "ನೀನು ನೀರು ಹುಯ್ಕಳಕ್ಕೆ ಹೋದಾಗ ಬದ್ಲಾಯಿಸ್ತಿದ್ದೆ. ಹಿಂದಿನ ದಿನ ಮೇಕೆ ಮೇಯಿಸ್ವಾಗ ಕಿತ್ತು ಒದ್ದೆ ಬಟ್ಟೆಯಾಗೆ ಇಟ್ಕಂಡಿರ್ತಿದ್ದೆ."

"ಮೂರು ವರ್ಷ?"

"ನೀನು ಒಂದೊಂದ್ಸಲ ಸರಿಯಾಗೂ ತತ್ತಿದ್ದೆ," ಎಂದಳು, ನನ್ನ ಮಾನ ಉಳಿಸುವವಳಂತೆ.

ನನಗೆ ರೇಗಿಹೋಯಿತು. ಗಿಡಗಳನ್ನು ನೆಲಕ್ಕೆ ಎಸೆದೆ. ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ನನ್ನನ್ನು ಗೊಂಬೆ ಹಾಗೆ ಕುಣಿಸಿದೆ, ಇಲ್ಲಿ ನಮ್ಮಪ್ಪ ಸಾಯಲು ಬಿದ್ದಿದ್ದಾನೆ ಎಂದು ಏನೇನೋ ಕೂಗಾಡಿದೆ. ಅವಳು ಕೇಳಿಸಿಕೊಂಡಳು. ನನ್ನ ಉಸಿರು ತೀರಿದ ಮೇಲೆ ನಿಧಾನವಾಗಿ ಹೇಳಿದಳು.

"ಹೇಳಿದ್ರೆ ನಂಗೆ ಗೊತ್ತು ಅನ್ನೋದು ಅವ್ವಂಗೆ ಗೊತ್ತಾಗ್ತಿತ್ತು. ಸಣ್ಣೋಳಿದ್ದಾಗ ಮೇಕೆ ಹಗ್ಗ ಹಿಡ್ಕಂಡು ಅವ್ವನ ಹಿಂದೆ ಹೋಯ್ತಿದ್ದೆ, ಕಣ್ಣು ಮುಚ್ಕಂಡು ಹೋಗಕಾಯ್ತದಾ? ಗೊತ್ತಾದ್ರೆ ಆ ಒಲೆ ಮುಂದಿಂದ ನನ್ನ ಎಬ್ಬಿಸ್ಬುಡ್ತಾಳೆ. ಆ ಒಲೆ ಬಿಟ್ರೆ ಆ ಮನೇಲಿ ನಂಗೆ ಜಾಗ ಎಲ್ಲಿದೆ ಕಣಮ್ಮ?" ಸೆರಗು ತಲೆಗೆ ಎಳೆದುಕೊಂಡು, "ಅವತ್ತು ನಾನೂ ಬತ್ತೀನಿ ಅಂದೆ. ನೀನೇ ಬ್ಯಾಡ ಅಂದ್ಬುಟ್ಟೆ," ಎಂದಳು.

ಬಗ್ಗಿ ಎಸೆದಿದ್ದ ಹಸುರು ಕಡ್ಡಿಯ ಗಿಡವನ್ನು ಹುಡುಕಿ ಎತ್ತಿಕೊಂಡೆ. ಅಷ್ಟು ನಾಚಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಮಾರನೆಯ ಬೆಳಗ್ಗೆ ಅವಳೇ ಅರೆದು, ಹಾಲಿಗೆ ಕಲಸಿ, ಲೋಟವನ್ನು ನನ್ನ ಮುಂದೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ.

"ನೀನೇ ಕೊಡಕ್ಕ."

"ನಂದು ಬ್ಯಾಡ. ಗಂಡ ಬಿಟ್ಟೋಳ ಕೈ. ಹೆಚ್ಚುಕಮ್ಮಿಯಾದ್ರೆ?" ಅಷ್ಟು ಜನಕ್ಕೆ ಅನ್ನ ಬೇಯಿಸಿ ಹಾಕಿ ಎಬ್ಬಿಸಿದವಳು, ಒಂದು ಲೋಟ ಕೊಡಲು ಹೆದರಿದ್ದಳು. ನಾನು ಎಷ್ಟು ಹೇಳಿದರೂ ಮುಂದೆ ಬರಲಿಲ್ಲ. ಕೊನೆಗೆ ಅಪ್ಪನೇ ಕಣ್ಣು ತೆರೆದು ಕೈ ಚಾಚಿದರು.

"ತಾ ತಾಯಿ," ಎಂದರು. "ಯಾರ ಕೈಯಾದ್ರೇನು, ಎದ್ರೆ ಸಾಕು."

ಅವಳು ಅವರ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು, ಒಂದು ಹನಿಯೂ ಚೆಲ್ಲದಂತೆ ಕುಡಿಸಿದಳು. ಆಮೇಲೆ ಒಲೆಯ ಮುಂದೆ ಕೂತಳು. ನಮ್ಮಮ್ಮ ಪಾಪ ಅಂತ ಗಂಜಿಯಲ್ಲಿ ನಾಲ್ಕು ಹರಳು ಉಪ್ಪು ಅಡಗಿಸಿ ಕೊಡುತ್ತಿದ್ದದ್ದನ್ನು ಅವಳು ಒಂದೇ ಹನಿ ರುಚಿ ನೋಡಿ ಹಿಡಿದಳು, ಬೈಯದೆ ಪಾತ್ರೆ ಬದಲಾಯಿಸಿದಳು. ಅಪ್ಪನ ಪಕ್ಕ ಕೂತು ಹುಣಸೆಹಣ್ಣಿನ ಮಂಡಿಯ ಸುದ್ದಿ ಕೇಳಿದಳು. ಮೊದಲ ದಿನ ಎರಡು ತುತ್ತು, ಮೂರನೆಯ ದಿನ ಒಂದು ಹಿಡಿ. ಎರಡು ವಾರ ತುಂಬುವ ಹೊತ್ತಿಗೆ ಅಪ್ಪ ಗೋಡೆಗೆ ಒರಗಿ ಕೂತು, "ಈ ಗಂಜಿಗೆ ಇಷ್ಟು ಹುಳಿ ಹಿಂಡಿದ್ರೆ ನಿಮ್ಮಪ್ಪನ ಗಂಟೇನು ಹೋಯ್ತದೆ?" ಎಂದು ಅಕ್ಕನ ಜೊತೆ ಜಗಳ ತೆಗೆದರು. ನಾನು ಹಿತ್ತಲಿಗೆ ಹೋಗಿ ಮನಸಾರೆ ಅತ್ತೆ.

ಬಹಳ ವರ್ಷಗಳ ಮೇಲೆ ಒಬ್ಬ ಡಾಕ್ಟರಿಗೆ ಈ ಕಥೆ ಹೇಳಿದೆ. ಕಾಮಾಲೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತೆ ಅಮ್ಮ, ಮಲಗಿ ಪಥ್ಯದಲ್ಲಿದ್ದರೆ ಸಾಕು, ಕೆಲವಕ್ಕೆ ಯಾವ ಸೊಪ್ಪೂ ನಾಟುವುದಿಲ್ಲ ಎಂದರು. ಇರಬಹುದು. ಸೊಪ್ಪು ಅಲ್ಲದಿದ್ದರೆ ಗುಣ ಮಾಡಿದ್ದು ಅಡಿಗೆ ಎಂದಾಯಿತು. ಹಾಗೆ ನೋಡಿದರೂ ಅಕ್ಕನದೇ, ಹೀಗೆ ನೋಡಿದರೂ ಅಕ್ಕನದೇ. ನನ್ನದೇನೂ ಇಲ್ಲ.

ಕಲ್ಯಾಣದುರ್ಗಕ್ಕೆ ಹಿಂದಿರುಗುವಾಗ ದಾರಿಯುದ್ದಕ್ಕೂ ಅಕ್ಕ ಒಂದೇ ಮಾತು ಹೇಳುತ್ತಿದ್ದಳು, ಅವ್ವನಿಗೆ ಹೇಳಬೇಡ. ನಾನು ಹೂಂ ಎಂದೆ. ಹೂಂ ಎಂದದ್ದು ಸುಳ್ಳು. ಮಾರನೆಯ ದಿನ ಅಕ್ಕ ಮೇಕೆ ಹೊಡೆದುಕೊಂಡು ಹೋದಾಗ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಜಗಳಕ್ಕೆ ಸಿದ್ಧವಾಗಿಯೇ ಕೂತಿದ್ದೆ. ಅಕ್ಕನನ್ನು ಒಲೆಯಿಂದ ಎಬ್ಬಿಸಿದರೆ ನಾನೂ ಸೊಪ್ಪು ಮುಟ್ಟುವುದಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

ಅತ್ತೆ ಪೊರೆ ಬಂದ ಕಣ್ಣುಗಳನ್ನು ಸೆರಗಿನಿಂದ ಒತ್ತಿಕೊಂಡರು.

"ನಂಗೆ ಕಾಣ್ಸಲ್ಲ, ಆದ್ರೆ ಮೂಗದೆಯಲ್ಲಮ್ಮ," ಎಂದರು. "ಒಂದೊಂದಿನ ನೀನು ತಂದ ಸೊಪ್ಪಿನ ವಾಸ್ನೆ ಬ್ಯಾರೆ, ಅರೆಯೋ ಸೊಪ್ಪಿನ ವಾಸ್ನೆ ಬ್ಯಾರೆ. ತಿಳ್ಕಳಕ್ಕೆ ಹೋಗ್ಲಿಲ್ಲ ನಾನು."

"ಯಾಕತ್ತೆ?"

"ಮಗಳಿಗೆ ಹೇಳ್ಬಾರ್ದು ಅನ್ನೋದು ಯಾಕೆ? ಅವಳು ಗಂಡನ ಮನೆಗೆ ಹೋಗೋಳು ಅಂತ. ಇವಳಿಗೆ ಹೇಳ್ಕೊಟ್ರೆ ಇವಳು ಇನ್ನು ಹೋಗಲ್ಲ ಅಂತ ನಾನೇ ಒಪ್ಕಂಡಂಗೆ. ಒಂದಲ್ಲ ಒಂದಿನ ಅವನು ಬತ್ತಾನೆ, ಕರ್ಕಂಡ್ ಹೋಯ್ತಾನೆ ಅಂತ ಬಾಗಿಲು ನೋಡ್ತಾ ಕುಂತಿದ್ದೀನಿ. ಹನ್ನೆರಡು ವರ್ಷ ಆಯ್ತು ಕಣಮ್ಮ."

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಆ ಕಟ್ಟಳೆಯನ್ನು ನಾನು ಕಲ್ಲಿನ ಗೋಡೆ ಎಂದುಕೊಂಡಿದ್ದೆ. ಅದರ ಹಿಂದೆ ಒಬ್ಬ ತಾಯಿ ಮಗಳ ಗಂಡನಿಗಾಗಿ ಕಾದು ಕೂತಿದ್ದಳು. ಅವರ ಕೈ ಹಿಡಿದುಕೊಂಡೆ. ಏನು ಮಾಡಬೇಕೆಂದು ಅತ್ತೆಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಭಾನುವಾರ ಜಗಲಿಯ ಮೇಲೆ ಒಬ್ಬಳು ತಾಯಿ ಆರೇಳು ವರ್ಷದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ನನ್ನ ಹೆಸರು ಕೇಳಿಕೊಂಡು ದೂರದಿಂದ ಬಂದವಳು. ಸೊಪ್ಪನ್ನು ನಾನು ಕೀಳಲು ಹೋಗಿರಲಿಲ್ಲ, ಬೇಕೆಂದೇ ನಸುಕಿನಲ್ಲಿ ಹಾಸಿಗೆಯಿಂದ ಎದ್ದಿರಲಿಲ್ಲ. ಅಕ್ಕ ತನ್ನ ಒದ್ದೆ ಬಟ್ಟೆಯ ಸೊಪ್ಪು ತೆಗೆದು ತಾನೇ ಅರೆದು, ಲೋಟ ತಂದು ನನ್ನ ಮುಂದೆ ಹಿಡಿದಳು. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ನಿಂತೆ. ಅವಳು ಕಣ್ಣಿನಲ್ಲೇ ಬೇಡಿಕೊಂಡಳು. ನಾನು ಅಲುಗಲಿಲ್ಲ. ಮಗು ನರಳಿತು. ಅಕ್ಕ ಬೇರೆ ದಾರಿಯಿಲ್ಲದೆ ಅದರ ಮುಂದೆ ಕೂತು ಲೋಟವನ್ನು ಬಾಯಿಯ ಹತ್ತಿರ ಒಯ್ದಳು.

ಆ ತಾಯಿ ಲೋಟಕ್ಕೆ ಕೈ ಅಡ್ಡ ಹಿಡಿದಳು. "ಮದ್ದು ಕೊಡೋದು ಈ ಮನೆ ಸೊಸೆ ಅಂದಿದ್ರು. ಇವ್ರು ಯಾರು?"

ಅಕ್ಕ ಲೋಟವನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಹೊಸಿಲ ತನಕ ಬಂದರು. ದನಿ ಬಂದ ಕಡೆಗೆ ಮುಖ ಮಾಡಿ ನಿಂತರು.

"ನನ್ ಮಗಳು ಕಣಮ್ಮ," ಎಂದರು. "ಎಲ್ಲಿಗೂ ಹೋಗಲ್ಲ, ಈ ಮನೆಯೋಳೇ. ಕುಡಿಸ್ಲಿ ಬಿಡು."